ಹಳ್ಳಕ್ಕಿಳಿದ ಸರಪಳಿ

ಇಳಿಜಾರಿನಲ್ಲಿ ಅಳೆಯುವಾಗ ಸರಪಳಿಯನ್ನು ನೆಲಕ್ಕೆ ಹಾಸಬಾರದು. ಒಂದು ತುದಿಯನ್ನು ಮೇಲೆ ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದನ್ನು ಗಾಳಿಯಲ್ಲಿ ಎತ್ತಿ ಮಟ್ಟವಾಗಿ ಎಳೆಯಬೇಕು. ಎತ್ತಿದ ತುದಿಯಿಂದ ತೂಕದ ಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಕಬ್ಬಿಣದ ಕಡ್ಡಿ ನೆಡಬೇಕು. ಆ ಕಡ್ಡಿಯಿಂದ ಮತ್ತೆ ಹಾಗೆಯೇ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ನೆಲಕ್ಕೆ ಹಾಸಿಬಿಟ್ಟರೆ ಇಳಿಜಾರಿನ ಉದ್ದವೂ ಲೆಕ್ಕಕ್ಕೆ ಸೇರಿ, ಇರುವ ದೂರಕ್ಕಿಂತ ಹೆಚ್ಚು ತೋರಿಸುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಂದು ದಿನ ನೆಲಕ್ಕೆ ಹಾಸಿದೆ.

ಎಂಬತ್ತರ ದಶಕದ ನಡುವಿನ ಮಾತು. ಕೊಯಮತ್ತೂರಿನಿಂದ ಪೆರಿಯನಾಯಕನಪಾಳ್ಯಂ ದಾಟಿ ಮೆಟ್ಟುಪಾಳ್ಯಂ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಪಂಚಾಯತಿ ಇತ್ತು, ಊರಿನ ಹೆಸರು ಬೇಡ. ಅಲ್ಲಿ ನಾನು ಚೈನ್‌ಮ್ಯಾನ್. ಸರ್ವೇಯರ್ ಅಳೆಯಲು ಹೊರಟರೆ ಸರಪಳಿಯ ಮುಂದಿನ ಹಿಡಿ ಎಳೆಯುವುದು, ಅಳತೆ ಇಲ್ಲದ ದಿನ ಮನೆಮನೆಗೆ ನೋಟಿಸು ಕೊಟ್ಟು ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ಓದಿದ್ದು ತಮಿಳಿನಲ್ಲಿ ಐದನೇ ಕ್ಲಾಸು. ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡವೇ, ಆದರೆ ಓದಿ ಬರೆಯಲು ಬರುತ್ತಿದ್ದುದು ತಾತನಿಗೆ ಒಬ್ಬರಿಗೆ, ತಾತನಿಂದ ನನ್ನ ಅಕ್ಕನಿಗೆ. ಅಕ್ಕ ನೂಲು ಸುತ್ತುತ್ತ ಕೂತಾಗ ಗಂಜಿ ನೀರಲ್ಲಿ ಬೆರಳದ್ದಿ ನೆಲದ ಮೇಲೆ ಅಕ್ಷರ ಬರೆಯುತ್ತಿದ್ದಳು. ಅದು ಒಣಗುವುದರೊಳಗೆ ನಾನು ಓದಿ ಹೇಳಬೇಕಿತ್ತು.

ಅಕ್ಕ ಸಿರುಮುಗೈಯ ಒಬ್ಬ ಸಾಹುಕಾರರಿಗೆ ರೇಷ್ಮೆ ಸೀರೆ ನೇಯುತ್ತಿದ್ದಳು. ಭಾವ ಮಿಲ್ಲಿನಲ್ಲಿ ಶಿಫ್ಟು. ಬಾಡಿಗೆ ಮನೆ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಯಾವ ಮನೆಯೊಡೆಯ ತನ್ನ ನೆಲ ತೋಡಲು ಬಿಡುತ್ತಾನೆ? ಆದ್ದರಿಂದ ಅಕ್ಕ ಮದುವೆಯಾದಂದಿನಿಂದ ಇನ್ನೊಬ್ಬರ ಕೊಟ್ಟಿಗೆಯಲ್ಲಿ, ಇನ್ನೊಬ್ಬರ ಗುಂಡಿಯಲ್ಲಿ ಕಾಲಿಟ್ಟು ನೇಯುತ್ತಿದ್ದಳು. "ಬಾಡಿಗೆ ಮನೇಲಿ ಅಡುಗೆ ಮಾಡ್ಬಹುದು, ಮಕ್ಕಳು ಹೆರಬಹುದು, ಗುಂಡಿ ಮಾತ್ರ ತೋಡೋಕಾಗಲ್ಲ" ಅನ್ನುತ್ತಿದ್ದಳು. ಕಡೆಗೆ ಊರಿನ ದಕ್ಷಿಣಕ್ಕೆ, ಹಳ್ಳದ ಆಚೆ ಒಂದು ನಿವೇಶನ ಕೊಂಡರು. ಮನೆ ಕಟ್ಟಲು ಪಂಚಾಯತಿಗೆ ಅರ್ಜಿ ಹಾಕಿದರು.

ಅದೇ ಹೊತ್ತಿಗೆ ಹಳ್ಳದ ಈಚೆ ಊರಿನ ಕಸಕ್ಕೆ ಗುಂಡಿ ತೋಡುವ ಕೆಲಸ ಶುರುವಾಗಿತ್ತು. ಅಲ್ಲಿಯವರೆಗೆ ಕಸ ರಸ್ತೆಬದಿಯಲ್ಲೇ ಬೀಳುತ್ತಿತ್ತು. ಜಿಲ್ಲೆಯಿಂದ ಬಂದ ಎಂಜಿನಿಯರ್ ನಕ್ಷೆ ಬರೆದಿದ್ದರು. ಎರಡಾಳು ಆಳದ ಗುಂಡಿ, ನೀರು ಇಳಿಯದ ಹಾಗೆ ತಳಕ್ಕೆ ಕೆರೆಯ ಜೇಡಿಮಣ್ಣು ಬಡಿದು ಕೂರಿಸಬೇಕು, ಸುತ್ತ ಮಣ್ಣಿನ ಏರಿ. ಏರಿಯ ಹೊರಬುಡದಿಂದ ಐದು ಸರಪಳಿ ದೂರದೊಳಗೆ ಮನೆಗೂ ಬಾವಿಗೂ ಅನುಮತಿ ಇಲ್ಲ. ಒಂದು ಸರಪಳಿ ಅಂದರೆ ಅರವತ್ತಾರು ಅಡಿ, ನೂರು ಕೊಂಡಿ. ಅಕ್ಕನ ನಿವೇಶನ ಹತ್ತಿರ ಹತ್ತಿರ ಆರೂವರೆ ಸರಪಳಿ ದೂರದಲ್ಲಿತ್ತು. ಚಿಂತೆ ಇರಲಿಲ್ಲ. ಅರ್ಜಿಯ ಮೇಲೆ ಒಂದು ಮುದ್ರೆ ಬೀಳುವುದು ಮಾತ್ರ ಬಾಕಿ.

ಎದೆಮಟ್ಟ ತೋಡುವಷ್ಟರಲ್ಲಿ ಬಂಡೆ ಸಿಕ್ಕಿತು. ಸಿಡಿಸಲು ಅಪ್ಪಣೆ ಸಿಗಲಿಲ್ಲ. ಎಂಜಿನಿಯರ್ ಮತ್ತೆ ಬಂದು ನಕ್ಷೆ ಬದಲಿಸಿದರು. ಆಳ ಹೋಗಲಾಗದಿದ್ದರೆ ಅಗಲ ಹೋಗೋಣ, ಮೇಲೆ ಪೇರಿಸೋಣ ಎಂದರು. ಗುಂಡಿ ಎಂದಿದ್ದದ್ದು ದಿಬ್ಬವಾಯಿತು. ದಕ್ಷಿಣದ ಏರಿ ಒಂದೂವರೆ ಸರಪಳಿ ಮುಂದಕ್ಕೆ ಬಂತು. ಹೊಸದಾಗಿ ಸೇರಿಸಿದ ಭಾಗದಲ್ಲಿ ಮೇಲುಮಣ್ಣು ಕೆರೆದರೆ ಬಂಡೆ, ಅದಕ್ಕೆ ಜೇಡಿಮಣ್ಣು ಬೇಕಿಲ್ಲ ಎಂದು ಬರೆದರು. ಆ ಬಂಡೆಯ ಬಿರುಕುಗಳಲ್ಲಿ ಬೇವಿನ ಬೇರು ಇಳಿದಿದ್ದನ್ನು ಅಲ್ಲಿ ಕೆಲಸ ಮಾಡಿದವರೆಲ್ಲ ನೋಡಿದ್ದೆವು. ಬೇರು ಇಳಿದ ದಾರಿಯಲ್ಲಿ ನೀರೂ ಇಳಿಯುತ್ತದೆ. ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಏರಿ ಸರಿದರೆ ಐದು ಸರಪಳಿಯ ಗೆರೆಯೂ ಸರಿಯಬೇಕು. ಹಳ್ಳದಾಚೆಯ, ಮುದ್ರೆ ಬೀಳದ ಅರ್ಜಿಗಳೆಲ್ಲ ಮರು ಅಳತೆಗೆ ವಾಪಸ್ಸು ಬಂದವು. ಅಕ್ಕನದೂ, ಅದೇ ಸಾಲಿನ ಇನ್ನೆರಡು ಮನೆಯವರದೂ.

ಅಳತೆಯ ಹಿಂದಿನ ದಿನ ಅಕ್ಕನ ಮನೆಗೆ ಹೋಗಿದ್ದೆ. ಭಾವ ಊಟಕ್ಕೆ ಕೂತಿದ್ದರು.

"ಬಾಮೈದ ಚೈನು ಹಿಡಿದಿರೋವಾಗ ನಮಗೇನು ಕವಲೆ, ಏನು ಚಿಂತೆ?" ಎಂದು ನಕ್ಕರು. "ಅವನು ಎಳೆದ್ರೆ ಕೊಯಮತ್ತೂರು ಮೆಟ್ಟುಪಾಳ್ಯಂ ತನಕ ಬರುತ್ತೆ."

"ಸುಮ್ಮಾ ಇರಿ ನೀವು" ಎಂದಳು ಅಕ್ಕ. "ಎಷ್ಟಿದೆಯೋ ಅಷ್ಟೇ ಅಳೀತಾನೆ ಅವನು. ಎಳೆ ಎಣಿಸೋ ಮನೇಲಿ ಹುಟ್ಟಿದವನು."

ಬಾಗಿಲವರೆಗೆ ಬಂದು ಮಾತ್ರ ಮೆಲ್ಲಗೆ ಕೇಳಿದಳು, "ಎಷ್ಟು ಬರುತ್ತೋ ತಮ್ಮಾ?"

"ನೋಡ್ಬೇಕು ಅಕ್ಕಾ."

ಅಷ್ಟೇ. ಹೆಚ್ಚು ತೋರಿಸು ಎಂದು ಅವಳು ಕೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಮರುದಿನ ಸರ್ವೇಯರ್ ಹೊಸ ಏರಿಯ ಮೇಲೆ ಕೊಡೆ ಬಿಡಿಸಿಕೊಂಡು ಪುಸ್ತಕ ಹಿಡಿದು ನಿಂತರು. ಅವರು ತಮಿಳರು, ವಯಸ್ಸಾದವರು, ನನಗೆ ಕೆಲಸ ಕಲಿಸಿದವರು. ಹಿಂದಿನ ಹಿಡಿ ಹಿಡಿದದ್ದು ಕಸದ ಗಾಡಿ ಹೊಡೆಯುವವನು. ಅವನಿಗೆ ಮೆಟ್ಟಿಲು ಅಳತೆ ಎಂದರೇನೆಂದು ತಿಳಿಯದು, ನಾನು ನಿಲ್ಲು ಅಂದಲ್ಲಿ ನಿಲ್ಲುತ್ತಿದ್ದ. ಬಯಲಿನಲ್ಲಿ ಎರಡು ಸರಪಳಿ ಸರಿಯಾಗಿಯೇ ಎಳೆದೆ. ಮೂರನೆಯದು ಹಳ್ಳದ ಅಂಚಿಗೆ ಮುಟ್ಟಿತು. ಅಲ್ಲಿ ನಿಂತು ಆಚೆ ನೋಡಿದೆ. ಅಕ್ಕನ ನಿವೇಶನದ ಮೂಲೆಯ ಗೂಟ ಕಾಣುತ್ತಿತ್ತು. ಎಷ್ಟೋ ನೆಲ ಅಳೆದ ಕಣ್ಣಿಗೆ ಲೆಕ್ಕ ಬೇಕಿಲ್ಲ. ಐದು ತುಂಬುವುದಿಲ್ಲ ಎಂದು ಗೊತ್ತಾಯಿತು. ತುಂಬಾ ಅಲ್ಲ, ಸ್ವಲ್ಪದರಲ್ಲಿ.

ಹಳ್ಳದ ತುಂಬ ಸೀಮೆ ಜಾಲಿ. ಒಳಗಿಳಿದವನು ಏರಿಯ ಮೇಲಿನವರಿಗೆ ಕಾಣುವುದಿಲ್ಲ. ತೂಕದ ಗುಂಡು ನನ್ನ ಜೇಬಿನಲ್ಲಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಸರಪಳಿಯನ್ನು ದಡದಿಂದ ಜಾರಿಬಿಟ್ಟೆ. ಅದು ಕಲ್ಲುಗಳ ಮೇಲೆ ಸದ್ದು ಮಾಡುತ್ತ ಇಳಿದು, ತಳ ಮುಟ್ಟಿ, ಆಚೆ ದಡ ಹತ್ತಿತು.

"ಮೆಟ್ಟಿಲು ಹಾಕಿದ್ಯಾಪ್ಪಾ?" ಸರ್ವೇಯರ್ ಕೂಗಿ ಕೇಳಿದರು.

"ಹಾಕಿದೆ ಸಾರ್!"

ಗೂಟದ ಬಳಿ ಐದು ಸರಪಳಿ ಆರು ಕೊಂಡಿ ಬಂತು. ಕೂಗಿ ಹೇಳಿದೆ. ಅವರು ಬರೆದುಕೊಂಡರು. ಒಂದೇ ಸಾಲಾದ್ದರಿಂದ ಇನ್ನೆರಡು ನಿವೇಶನಗಳೂ ಅದೇ ಅಳತೆಯಲ್ಲಿ ಗೆರೆಯಾಚೆ ಉಳಿದವು. ಆ ವಾರ ಮುದ್ರೆ ಬಿತ್ತು.

ನಮ್ಮ ಮನೆಯ ರೂಢಿಯಲ್ಲಿ ಮಗ್ಗದ ಗುಂಡಿಗೆ ಮೊದಲ ಗುದ್ದಲಿ ಹಾಕುವವನು ಹೆಣ್ಣಿನ ತವರಿನವನು. ಅರಿಸಿನ ಹಚ್ಚಿದ ಗುದ್ದಲಿಯನ್ನು ಅಕ್ಕ ನನ್ನ ಕೈಗೆ ಕೊಟ್ಟಳು. ಅಗೆದೆ. ಗುಂಡಿಗೆ ಹಾಲು ಬಿಟ್ಟರು. ಮಗ್ಗ ಕೂರಿಸಿದ ದಿನ ಅವಳು ಕಾಲು ಇಳಿಬಿಟ್ಟು ಕೂತು, ಏನನ್ನೂ ನೇಯದೆ ಬರೀ ಹಲಗೆ ತುಳಿದಳು. ಟಪ್, ಟಪ್. "ನಮ್ದೇ ನೆಲ, ಕೇಳ್ಡಾ" ಎಂದಳು. ಆ ದಿನ ನನಗೆ ಪಶ್ಚಾತ್ತಾಪವೇನೂ ಇರಲಿಲ್ಲ. ಐದಕ್ಕೆ ಹೆಚ್ಚೆಂದರೆ ಹನ್ನೆರಡು ಕೊಂಡಿ ಕಡಿಮೆ ಇದ್ದೀತು, ಅದು ಯಾವ ಲೆಕ್ಕ ಅಂದುಕೊಂಡೆ. ಎಂಟು ಅಡಿ. ಎರಡು ಮಂಚದಗಲ.

ಆ ವರ್ಷ ಕಸದ ದಿಬ್ಬ ಬೇಗ ಎದ್ದಿತು. ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿದು ಎರಡು ವಾರವಾಗಿರಬಹುದು. ಅಕ್ಕನ ಮನೆಗೆ ಹೋದಾಗ ಅವಳು ಗುಂಡಿಯಿಂದ ಸೊಂಟ ಬಗ್ಗಿಸಿ ಡಬ್ಬದಲ್ಲಿ ನೀರು ಮೊಗೆಯುತ್ತಿದ್ದಳು. ಕಡು ಟೀ ಬಣ್ಣದ ನೀರು, ಮೇಲೆ ಎಣ್ಣೆಯ ಹಾಗೆ ಬಣ್ಣಬಣ್ಣದ ಪೊರೆ.

"ನೆಲ ಒಸರ್ತಾ ಇದೆ" ಎಂದಳು. "ಮಳೆಗಾಲ ಅಲ್ವಾ. ಇಲ್ಲಾ ಪೂಜೇಲಿ ಏನಾದ್ರೂ ಕಡಿಮೆ ಆಯ್ತೋ ಏನೋ."

ಆ ವಾಸನೆ ನನಗೆ ಗೊತ್ತಿತ್ತು. ದಿನವೂ ಏರಿಯ ಮೇಲೆ ಓಡಾಡುವವನಿಗೆ ಗೊತ್ತಿರದೆ ಇರುತ್ತದೆಯೇ? ದಿಬ್ಬಕ್ಕೆ ಬಿದ್ದ ಮಳೆ ಕಸದ ರಸವನ್ನೆಲ್ಲ ಹೊತ್ತು ಬಂಡೆಯ ಬಿರುಕಿಗೆ ಇಳಿದು, ಹಳ್ಳದ ಕೆಳಗಿಂದ ಹಾದು, ಈ ಸಾಲಿನಲ್ಲಿ ತೋಡಿದ ಮೊದಲ ತಗ್ಗಿಗೆ ಏಳುತ್ತಿತ್ತು. ಆ ತಗ್ಗು ಅಕ್ಕನ ಮಗ್ಗದ ಗುಂಡಿ. ನಕ್ಷೆಯಲ್ಲಿ ಐದು ಸರಪಳಿ ಎಂದು ಗೆರೆ ಹಾಕಿದ್ದು ಯಾಕೆಂದು ಆ ಹೊತ್ತು ತಿಳಿಯಿತು. ಐದು ಸರಪಳಿ ಸರಿಯಾಗಿದ್ದರೂ ನೀರು ಬರುತ್ತಿತ್ತೋ ಏನೋ. ಎಂಟು ಅಡಿಯಲ್ಲಿ ನೀರು ನಿಲ್ಲುತ್ತದೆಯೇ ಎಂದು ಯಾರಾದರೂ ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆದರೆ ಸರಿಯಾಗಿ ಅಳೆದಿದ್ದರೆ ಅಲ್ಲಿ ಮನೆಯೇ ಇರುತ್ತಿರಲಿಲ್ಲ. ಗುಂಡಿಯೂ ಇರುತ್ತಿರಲಿಲ್ಲ.

ಆ ದಿನವೇ ಹೇಳಬಹುದಿತ್ತು. ಬದಲಿಗೆ ಡಬ್ಬ ಇಸಿದುಕೊಂಡು ನೀರು ಮೊಗೆದೆ. ಮುಂದಿನ ವಾರ ಭಾವನೂ ನಾನೂ ಸೇರಿ ಗುಂಡಿಯೊಳಗೆ ಇಟ್ಟಿಗೆ ಕಟ್ಟಿ ಸುಣ್ಣದ ಗಾರೆ ಬಳಿದೆವು. ಹತ್ತು ದಿನ ಒಣಗಿತ್ತು. ಆಮೇಲೆ ಗಾರೆಯ ಮೇಲೇ ಬೆವರಿದ ಹಾಗೆ ಹನಿ ಕೂತವು. ಸಾಹುಕಾರರ ಸೀರೆ ಮುಗಿಸಬೇಕಿತ್ತು. ಅಕ್ಕ ಕಾಲಿಗೆ ಎಣ್ಣೆ ಹಚ್ಚಿಕೊಂಡು ಗುಂಡಿಯಲ್ಲಿ ಕೂರುತ್ತಿದ್ದಳು. ಬೆರಳುಗಳ ಸಂದಿ ಬಿಳಿಚಿತು, ಆಮೇಲೆ ಬಿರಿಯಿತು, ಆಮೇಲೆ ಹುಣ್ಣಾಯಿತು. "ನೇಕಾರರ ಕಾಲಲ್ವಾ, ಮಳೇಲಿ ಹಿಂಗೇ" ಅನ್ನುತ್ತಿದ್ದಳು. ನಾನು ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಮಳೆ ನಿಲ್ಲಲಿ, ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತಿದ್ದೆ.

ಕಾರ್ತಿಕ ಮುಗಿಯುವಾಗ ಬಲಗಾಲು ಊದಿಕೊಂಡು ಜ್ವರ ಬಂತು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕಾಲು ನೋಡಿ, "ದಿನಾ ಎಂಥ ನೀರಲ್ಲಿ ನಿಂತಿರ್ತೀಯಮ್ಮಾ ನೀನು?" ಎಂದು ಬೈದರು. ಅಕ್ಕ ನಾಚಿಕೊಂಡು, "ಮಗ್ಗ ಡಾಕ್ಟ್ರೇ" ಎಂದಳು. ಎರಡು ಬೆರಳು ತೆಗೆದರು.

ಆಸ್ಪತ್ರೆಯಿಂದ ನೇರ ಸರ್ವೇಯರ್ ಬಳಿಗೆ ಹೋದೆ. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಕಟ್ಟಿಕೊಂಡಿದ್ದೆ. ನಿಜ ಹೇಳುವಷ್ಟು ಧೈರ್ಯ ಆಗಲೂ ಇರಲಿಲ್ಲ.

"ಸಾರ್, ಆ ಹಳ್ಳದಾಚೆ ಸಾಲನ್ನ ಇನ್ನೊಂದ್ಸಲ ಅಳೀಬೇಕು. ಆವತ್ತಿನ ಚೈನು ಹಳೇದು. ಎಳೆದೂ ಎಳೆದೂ ಉದ್ದ ಆಗಿತ್ತು. ಅದಕ್ಕೇ ದೂರ ಜಾಸ್ತಿ ಬಂದಿದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೆಲದ ಮೇಲಿದ್ದ ಒಂದು ದಾರ ಎತ್ತಿಕೊಂಡರು.

"ತಂಬಿ, ಇದು ನಿನ್ನ ಚೈನು. ಇದು ಉದ್ದ ಆಯ್ತು ಅಂದ್ಕೋ. ಉದ್ದ ಚೈನು ಹಾಕಿದ್ರೆ ಅದೇ ನೆಲಕ್ಕೆ ಎಣಿಕೆ ಕಡಿಮೆ ಬರುತ್ತೋ, ಹೆಚ್ಚು ಬರುತ್ತೋ?"

ನಾನು ಬೆರಳು ಮಡಚಿ ಎಣಿಸತೊಡಗಿದೆ.

"ಕಡಿಮೆ ಬರುತ್ತೆ" ಎಂದು ಅವರೇ ಹೇಳಿದರು. "ದೊಡ್ಡ ಪಡಿಯಲ್ಲಿ ಅಕ್ಕಿ ಅಳೆದ್ರೆ ಪಡಿ ಎಣಿಕೆ ಕಡಿಮೆಯಾಗುತ್ತೆ. ಚೈನು ಉದ್ದ ಆಗಿದ್ರೆ ಆ ಮನೆ ಇನ್ನೂ ದೂರ ಇರಬೇಕಿತ್ತು." ದಾರವನ್ನು ಮೇಜಿನ ಮೇಲಿಟ್ಟರು. "ಹಳ್ಳದಲ್ಲಿ ಮೆಟ್ಟಿಲು ಹಾಕಿದ್ಯಾ?"

ಐದನೇ ಕ್ಲಾಸಿನವನ ಸುಳ್ಳು ಅಷ್ಟರಲ್ಲೇ ಬಿದ್ದುಹೋಯಿತು. ಇಲ್ಲ ಎಂದು ತಲೆ ಆಡಿಸಿದೆ. ಯಾರ ಮನೆ ಎಂದು ಅವರು ಕೇಳಲಿಲ್ಲ, ಗೊತ್ತಿತ್ತು. "ನಾನೂ ಇಳಿದು ನೋಡ್ಬೇಕಿತ್ತು. ಬಿಸಿಲು ಅಂತ ಕೊಡೆ ಕೆಳಗೆ ನಿಂತೆ" ಎಂದರು. ಮರುದಿನ ಹಳ್ಳದ ಜಾಲಿ ಕಡಿಸಿ, ತಾವೇ ತಳಕ್ಕಿಳಿದು ನಿಂತು ಅಳೆಸಿದರು. ಮುಂದಿನ ಹಿಡಿ ನನ್ನದೇ. ನಾಲ್ಕು ಸರಪಳಿ ಎಂಬತ್ತೆಂಟು ಕೊಂಡಿ.

ವರದಿಯಲ್ಲಿ ಅವರು "ಅಳತೆ ದೋಷ" ಎಂದಷ್ಟೇ ಬರೆದರು. ಯಾರ ಹೆಸರೂ ಇರಲಿಲ್ಲ. ಅನುಮತಿಯನ್ನು ಏಕೆ ರದ್ದು ಮಾಡಬಾರದು ಎಂದು ಮೂರು ಮನೆಗೆ ನೋಟಿಸು ಹೊರಟಿತು. ಹಂಚುವವನು ನಾನೇ. ಅಕ್ಕ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ತಮಿಳಿನ ನೋಟಿಸನ್ನು ಭಾವನಿಂದ ಓದಿಸಿಕೊಂಡು, ಕನ್ನಡದಲ್ಲಿ ತನ್ನ ಹೆಸರು ಬರೆದಳು.

"ಹೆದರ್ಬೇಡ" ಎಂದಳು ನನಗೆ. "ನಾನೇ ಬಂದು ಕೇಳ್ತೀನಿ."

ಕಾರ್ಯನಿರ್ವಾಹಕ ಅಧಿಕಾರಿಯ ಕೋಣೆಯಲ್ಲಿ ವಿಚಾರಣೆ. ನಾನು ಬಾಗಿಲ ಪಕ್ಕ ನಿಂತಿದ್ದೆ. ಸರ್ವೇಯರ್ ಮೇಜಿನ ಪಕ್ಕ. ಇನ್ನೆರಡು ಮನೆಯವರು ಹಿಂದೆ. ಅಕ್ಕ ಕಾಲಿಗೆ ಬಟ್ಟೆ ಸುತ್ತಿಕೊಂಡು ಭಾವನ ಹೆಗಲು ಹಿಡಿದು ಬಂದಳು. ಕೂರು ಅಂದರೂ ಕೂರಲಿಲ್ಲ.

"ಮನೆ ಹೋಗ್ಲಿ ಅಂತೀರಾ ಸಾರ್? ಮುದ್ರೆ ಹಾಕಿದ್ದು ನೀವು" ಎಂದಳು ತಮಿಳಿನಲ್ಲಿ.

"ಎರಡು ಅಳತೆ ಇದೆಯಮ್ಮಾ. ಒಂದು ತಪ್ಪಿರಬೇಕು" ಎಂದರು ಅಧಿಕಾರಿ.

"ಹಾಗಾದ್ರೆ ಎರಡನೇದು ತಪ್ಪು. ಮೊದಲನೇದನ್ನ ಹಿಡಿದದ್ದು ನನ್ನ ತಮ್ಮ. ಅವನು ಒಂದೆಳೆ ಹೆಚ್ಚು ಕಡಿಮೆ ಮಾಡೋನಲ್ಲ."

"ಎರಡನೇದನ್ನೂ ಹಿಡಿದದ್ದು ನಿನ್ನ ತಮ್ಮನೇ."

ಅಕ್ಕ ನನ್ನ ಕಡೆ ತಿರುಗಿದಳು. ಎಲ್ಲರ ಮುಂದೆ ಕನ್ನಡದಲ್ಲಿ ಕೇಳಿದಳು, "ಹೇಳ್ಡಾ. ಯಾವುದು ಸರಿ?"

"ಎರಡನೇದು ಅಕ್ಕಾ."

"ಮತ್ತೆ ಮೊದಲನೇದು ಯಾಕೆ ಜಾಸ್ತಿ ಬಂತು?"

ನಿಜ ಹೇಳಲು ಎರಡೇ ಮಾತು ಸಾಕಿತ್ತು. ಸರ್ವೇಯರ್ ನನ್ನನ್ನೇ ನೋಡುತ್ತಿದ್ದರು.

"ಚೈನು ಹಳೇದು ಅಕ್ಕಾ" ಎಂದೆ. "ಎಳೆದೂ ಎಳೆದೂ ಉದ್ದ ಆಗಿತ್ತು."

ಸುಳ್ಳೆಂದು ಆಗಲೇ ಬಯಲಾಗಿದ್ದ ಸುಳ್ಳನ್ನೇ ಮತ್ತೆ ಹೇಳಿದೆ, ಲೆಕ್ಕ ತಿಳಿಯದವಳು ನಂಬುತ್ತಾಳೆಂದು. ನಮ್ಮ ಕನ್ನಡ ಅಷ್ಟಿಷ್ಟು ತಿಳಿಯುತ್ತಿದ್ದ ಸರ್ವೇಯರ್ ತಲೆ ತಗ್ಗಿಸಿದರು. ಅಕ್ಕನ ಮುಖದಲ್ಲಿ ಗಂಟು ಬಿಚ್ಚಿಕೊಂಡಿತು. ಸಮಾಧಾನವೇ ಆದ ಹಾಗಿತ್ತು. ಮನೆ ಹೋಯಿತು, ಆದರೆ ತಮ್ಮ ಉಳಿದನಲ್ಲ ಎಂಬ ಸಮಾಧಾನ.

"ಚೈನು ಹಳೇದಾ" ಎಂದಳು. "ಹಳೇ ಚೈನು ಕೊಟ್ಟು ಅಳೀ ಅಂದ್ರೆ ಪಾಪ ಅವನೇನು ಮಾಡ್ತಾನೆ?"

ಅನುಮತಿ ರದ್ದಾಯಿತು. ಇನ್ನೆರಡು ಮನೆಯವರು ನನ್ನ ಜೊತೆ ಮಾತಾಡದೆ ಊರು ಬಿಟ್ಟರು. ಬೇರೆ ಜಾಗ ಕೊಡುವ ಮಾತು ಫೈಲಿನಲ್ಲಿ ಉಳಿಯಿತು. ಮಗ್ಗ ಬಿಚ್ಚಿದ ದಿನ ಗುಂಡಿಯನ್ನು ಹಾಗೆಯೇ ಬಿಟ್ಟು ಹೋಗಬಾರದು ಎಂದಳು ಅಕ್ಕ. ಮೊದಲ ಗುದ್ದಲಿ ಹಾಕಿದವನೇ ಮುಚ್ಚಬೇಕು. ಕಪ್ಪು ನೀರು ಮೊಣಕಾಲುದ್ದ ನಿಂತಿತ್ತು. ಮಣ್ಣು ಸುರಿದಷ್ಟೂ ಅದು ಮೇಲೇರಿ ಹೊಸಿಲ ಕಡೆ ಹರಿಯಿತು. ಅವಳು ಅಲ್ಲಿ ಕೂತು ನೋಡುತ್ತಿದ್ದಳು. "ಸಾಕು ಬಿಡು, ನಿಂಗೂ ಕಾಲು ಹುಣ್ಣಾಗುತ್ತೆ" ಎಂದಳು.

ಆಮೇಲೆ ಅವಳು ಮಗ್ಗಕ್ಕೆ ಕೂರಲಿಲ್ಲ. ಮತ್ತೆ ಬಾಡಿಗೆ ಮನೆಯಲ್ಲಿ ಬೇರೆಯವರಿಗೆ ನೂಲು ಸುತ್ತಿಕೊಟ್ಟಳು. ನಾನು ಆಫೀಸಿನ ಕೆಲಸ ಬಿಟ್ಟೆ. ಬಿಡು ಎಂದು ಯಾರೂ ಹೇಳಿರಲಿಲ್ಲ. ಈಗಲೂ ಎಲ್ಲಾದರೂ ಇಳಿಜಾರು ಬಂದರೆ ಎಡಗೈ ತಾನಾಗಿ ಎದೆಮಟ್ಟಕ್ಕೆ ಏಳುತ್ತದೆ, ಏನನ್ನೋ ಮಟ್ಟವಾಗಿ ಹಿಡಿದ ಹಾಗೆ. ಜೊತೆಯಲ್ಲಿದ್ದವರು ನಗುತ್ತಾರೆ. ಮಳೆಗಾಲದಲ್ಲಿ ಯಾರದೋ ಮನೆಯಲ್ಲಿ ಮಗ್ಗದ ಹಲಗೆ ಸದ್ದಾದರೆ ಅದು ಒಣ ನೆಲದ್ದೋ ಒದ್ದೆ ನೆಲದ್ದೋ ಎಂದು ನಿಂತು ಕೇಳುತ್ತೇನೆ.

ಸರ್ವೇಯರ್ ತೀರಿಕೊಂಡರು. ಭಾವನೂ ಹೋದರು. ಅಕ್ಕ ಇದ್ದಾಳೆ. ಯಾರಾದರೂ ಕಾಲಿಗೇನಾಯಿತು ಎಂದರೆ ಇಡೀ ಕಥೆ ಹೇಳುತ್ತಾಳೆ. ಕೊನೆಯಲ್ಲಿ ನನ್ನನ್ನು ತೋರಿಸಿ, "ಇವನ ತಪ್ಪೇನಿಲ್ಲ, ಗವರ್ಮೆಂಟು ಚೈನು ಹಳೇದು" ಅನ್ನುತ್ತಾಳೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅಲ್ಲ ಅಂದಿಲ್ಲ.

ಅದಕ್ಕೇ ಇದನ್ನು ಬರೆದೆ. ತಮಿಳಿನಲ್ಲಿ ಬರೆಯುವುದು ನನಗೆ ಸುಲಭ. ಆದರೆ ಇದನ್ನು ಮೊದಲು ಕೇಳಬೇಕಾದವಳು ಕಲಿಸಿದ ಅಕ್ಷರದಲ್ಲೇ ಬರೆಯಬೇಕು ಅನ್ನಿಸಿತು. ಭಾನುವಾರ ತೆಗೆದುಕೊಂಡು ಹೋಗುತ್ತೇನೆ. ಅವಳ ಕಣ್ಣಿಗೆ ಪೊರೆ ಬಂದಿದೆ. ಕಾಗದ ಮುಟ್ಟಿ ನೋಡಿ, "ಕನ್ನಡದಲ್ಲಾ ಬರೆದಿದ್ಯಾ?" ಎಂದು ಸಂತೋಷಪಡುತ್ತಾಳೆ. ಆಮೇಲೆ "ನೀನೇ ಓದ್ಡಾ" ಅನ್ನುತ್ತಾಳೆ.

ಓದಬೇಕು. ಹಳ್ಳದ ಭಾಗ ಬಂದಾಗ ದನಿ ಇಳಿಸಬಾರದು.